ಎಳೆಯ ಸಸಿಗಳ ಬೆಳವಣಿಗೆಯಲ್ಲಿ ನೀರು ಮತ್ತು ರಸಗೊಬ್ಬರದ ಪಾತ್ರ: ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಮತ್ತು ಮಣ್ಣು ಒಂದೇ ತೆರನಾಗಿಲ್ಲ. ಹಾನಗಲ್ ತಾಲ್ಲೂಕು ಮಲೆನಾಡಿನ ಸೆರಗಿನಲ್ಲಿದ್ದು ಹೆಚ್ಚು ಮಳೆ ಪಡೆಯುತ್ತದೆ. ಪೂರ್ವಕ್ಕೆ ಸವಣೂರಿನ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಹೆಚ್ಚುತ್ತದೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಭತ್ತ, ಮಾವು, ಎಲೆಬಳ್ಳಿ ಹೀಗೆ ಬೆಳೆ ಯಾವುದೇ ಇರಲಿ, ಮೊದಲ ಒಂದು ತಿಂಗಳಲ್ಲಿ ಬೇರು ಹೇಗೆ ಬೆಳೆಯಿತು ಎಂಬುದರ ಮೇಲೆ ಇಳುವರಿ ಬಹುಮಟ್ಟಿಗೆ ಅವಲಂಬಿಸಿದೆ.

ಮುಂಗಾರಿನಲ್ಲಿ ಸಸಿ ಹಳದಿಯಾದ ಕೂಡಲೇ ಯೂರಿಯಾ ಹಾಕುವುದು ರೂಢಿಯಲ್ಲಿದೆ. ಆದರೆ ಹಳದಿ ಬಣ್ಣಕ್ಕೆ ಗೊಬ್ಬರದ ಕೊರತೆಯೊಂದೇ ಕಾರಣವಲ್ಲ. ಕಾರಣವನ್ನು ತಿಳಿಯದೆ ಗೊಬ್ಬರ ಹಾಕಿದಲ್ಲಿ ಹಣ ವ್ಯರ್ಥವಾಗುವುದಲ್ಲದೆ ಸಸಿಗಳು ಸತ್ತು ಮರುಬಿತ್ತನೆಯ ಪ್ರಸಂಗ ಬರಬಹುದು. ಅಷ್ಟರಲ್ಲಿ ಬಿತ್ತನೆಯ ಹದವೂ ಮೀರಿರುತ್ತದೆ.

ನೀರಿನ ಪರಿಣಾಮ

ಮಣ್ಣಿನಲ್ಲಿರುವ ಪೋಷಕಾಂಶಗಳು ನೀರಿನಲ್ಲಿ ಕರಗಿದ ನಂತರವೇ ಬೇರಿಗೆ ದೊರೆಯುತ್ತವೆ. ಆದ್ದರಿಂದ ತೇವಾಂಶವಿಲ್ಲದ ನೆಲಕ್ಕೆ ಹಾಕಿದ ಗೊಬ್ಬರ ಸಸಿಗೆ ಸಿಗದು.

ನೀರು ಹೆಚ್ಚಾದರೂ ಅಪಾಯವಿದೆ. ಬೇರು ಸಹ ಉಸಿರಾಡುತ್ತದೆ. ಎರೆಭೂಮಿಯಲ್ಲಿ ನೀರು ನಿಂತಾಗ ಮಣ್ಣಿನ ಕಣಗಳ ನಡುವಿನ ಗಾಳಿ ಹೊರಹೋಗಿ ಆಮ್ಲಜನಕದ ಅಭಾವವುಂಟಾಗುತ್ತದೆ. ಆಗ ಬೇರು ಪೋಷಕಾಂಶಗಳನ್ನು ಹೀರಲಾರದು. ಮಣ್ಣಿನಲ್ಲಿ ಗೊಬ್ಬರವಿದ್ದರೂ ಎಲೆ ಹಳದಿಯಾಗುತ್ತದೆ. ಇಂತಹ ಸ್ಥಿತಿಯಲ್ಲಿ ಹಾಕಿದ ಸಾರಜನಕದ ಒಂದು ಭಾಗ ನೀರಿನೊಡನೆ ಕೊಚ್ಚಿಹೋಗುತ್ತದೆ, ಮತ್ತೊಂದು ಭಾಗ ಅನಿಲರೂಪದಲ್ಲಿ ನಷ್ಟವಾಗುತ್ತದೆ. ಭತ್ತವು ನಿಂತ ನೀರನ್ನು ತಾಳಿಕೊಳ್ಳುತ್ತದೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ತಾಳಲಾರವು.

ರಸಗೊಬ್ಬರದ ಪರಿಣಾಮ

ರಸಗೊಬ್ಬರಗಳು ಲವಣಗಳಾಗಿವೆ ಅಥವಾ ಕರಗಿದ ಮೇಲೆ ಲವಣಗಳಾಗುತ್ತವೆ. ಬೇರಿನ ಸುತ್ತ ಲವಣಾಂಶ ಮಿತಿಮೀರಿದಾಗ ಬೇರು ನೀರನ್ನು ಹೀರುವ ಬದಲು ತನ್ನಲ್ಲಿರುವ ನೀರನ್ನೇ ಕಳೆದುಕೊಳ್ಳುತ್ತದೆ. ಸಸಿ ಸುಟ್ಟಂತೆ ಕಾಣುವುದು ಇದರಿಂದಲೇ. ಬೀಜಕ್ಕೆ ತಗುಲುವಂತೆ ಯೂರಿಯಾ ಹಾಕಿದರೆ, ಅದರಿಂದ ಹೊರಡುವ ಅಮೋನಿಯಾ ಮೊಳಕೆಯನ್ನು ಕೊಲ್ಲುತ್ತದೆ.

45 ಕಿ.ಗ್ರಾಂ ಯೂರಿಯಾ ಚೀಲದಲ್ಲಿ ಸುಮಾರು 20.7 ಕಿ.ಗ್ರಾಂ ಸಾರಜನಕವಿರುತ್ತದೆ. 50 ಕಿ.ಗ್ರಾಂ ಡಿ.ಎ.ಪಿ. ಚೀಲದಲ್ಲಿ 9 ಕಿ.ಗ್ರಾಂ ಸಾರಜನಕ ಹಾಗೂ 23 ಕಿ.ಗ್ರಾಂ ರಂಜಕವಿರುತ್ತದೆ. ಡಿ.ಎ.ಪಿ.ಯಲ್ಲಿ ಪೊಟ್ಯಾಷ್ ಇರುವುದಿಲ್ಲ.

ಲಕ್ಷಣಗಳನ್ನು ಗುರುತಿಸುವ ವಿಧಾನ

ಗೊಬ್ಬರ ಹಾಕುವ ಮೊದಲು ಎರಡು-ಮೂರು ಸಸಿಗಳನ್ನು ಬೇರುಸಹಿತ ಕಿತ್ತು ಪರೀಕ್ಷಿಸತಕ್ಕದ್ದು.

1. ಬೇರು ಬಿಳಿಯಾಗಿದ್ದು, ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿದ್ದಲ್ಲಿ: ಸಾರಜನಕದ ಕೊರತೆ.
2. ಬೇರು ಕಂದಾಗಿ, ಮಣ್ಣು ಒದ್ದೆಯಿದ್ದರೂ ಸಸಿ ಬಾಡಿದ್ದಲ್ಲಿ: ನೀರು ನಿಂತದ್ದರಿಂದ ಆದ ಹಾನಿ ಅಥವಾ ಕೊಳೆರೋಗ.
3. ಗೊಬ್ಬರ ಹಾಕಿದ ಕೆಲವೇ ದಿನಗಳಲ್ಲಿ ಎಲೆಯ ತುದಿ ಮತ್ತು ಅಂಚು ಒಣಗಿದ್ದಲ್ಲಿ: ಗೊಬ್ಬರ ಹೆಚ್ಚಾಗಿರುವುದು.
4. ಗೋವಿನಜೋಳದ ಎಲೆ ನೇರಳೆ ಬಣ್ಣಕ್ಕೆ ತಿರುಗಿದ್ದಲ್ಲಿ: ರಂಜಕದ ಕೊರತೆ, ಅಥವಾ ತಂಪು ಮತ್ತು ಅತಿತೇವದಿಂದ ಬೇರು ಅದನ್ನು ಹೀರದಿರುವುದು.

ಅನುಸರಿಸಬೇಕಾದ ಕ್ರಮಗಳು

1. ನೀರು ನಿಂತ ಹೊಲದಲ್ಲಿ ಮೊದಲು ಬಸಿಗಾಲುವೆ ತೆಗೆದು ನೀರನ್ನು ಹೊರಹಾಕಬೇಕು. ನೆಲ ಹದಕ್ಕೆ ಬಂದ ಮೇಲೆ ಎಡೆಕುಂಟೆ ಹೊಡೆದು, ನಂತರವೇ ಮೇಲುಗೊಬ್ಬರ ಕೊಡಬೇಕು.
2. ಬಿತ್ತನೆಯ ಗೊಬ್ಬರವು ಬೀಜದಿಂದ ಸುಮಾರು 5 ಸೆಂ.ಮೀ. ಪಕ್ಕಕ್ಕೆ ಮತ್ತು 5 ಸೆಂ.ಮೀ. ಕೆಳಗೆ ಬೀಳುವಂತೆ ನೋಡಿಕೊಳ್ಳಬೇಕು. ಸಾರಜನಕವನ್ನು ಒಂದೇ ಸಲ ಹಾಕದೆ ಕಂತುಗಳಲ್ಲಿ ಕೊಡಬೇಕು.
3. ಮೆಣಸಿನಕಾಯಿ ಸಸಿಗಳನ್ನು ಏರುಮಡಿಯಲ್ಲಿ ಬೆಳೆಸಬೇಕು. ಯೂರಿಯಾ ಹೆಚ್ಚಾದರೆ ಸಸಿಗಳು ಉದ್ದಕ್ಕೆ ಸಪೂರವಾಗಿ ಬೆಳೆದು ನಾಟಿಯ ನಂತರ ಬಾಗುತ್ತವೆ. ನಾಟಿಗೆ ಒಂದು ವಾರ ಮುಂಚಿತವಾಗಿ ನೀರನ್ನು ಕಡಿಮೆ ಮಾಡಿ, ಕೀಳುವ ಮೊದಲು ಮಡಿಯನ್ನು ನೆನೆಸಬೇಕು.
4. ಮಾವಿನ ಕಸಿಗಿಡದ ಬುಡಕ್ಕೆ ಗೊಬ್ಬರ ತಾಗಿಸದೆ, ಸುತ್ತಲೂ ಉಂಗುರಾಕಾರದಲ್ಲಿ ಹಾಕಿ ಮಣ್ಣು ಮುಚ್ಚಿ ನೀರು ಕೊಡಬೇಕು.
5. ಎಲೆಬಳ್ಳಿಗೆ ಮೇಲಿಂದ ಮೇಲೆ ಹಗುರವಾಗಿ ನೀರು ಕೊಡಬೇಕು. ಬುಡದಲ್ಲಿ ನೀರು ನಿಲ್ಲಬಾರದು.
6. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಬಳಸಬೇಕು. ಇದು ಮಸಾರಿ ಭೂಮಿಯಲ್ಲಿ ತೇವವನ್ನು ಹಿಡಿದಿಡುತ್ತದೆ ಹಾಗೂ ಎರೆಭೂಮಿಯನ್ನು ಸಡಿಲಗೊಳಿಸುತ್ತದೆ.

ಮಣ್ಣು ಪರೀಕ್ಷೆ ಮತ್ತು ಸೌಲಭ್ಯಗಳು

ಗೊಬ್ಬರದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ನಿರ್ಧರಿಸುವುದು ಸೂಕ್ತ. ಬಿತ್ತನೆಗೆ ಸಾಕಷ್ಟು ಮೊದಲೇ ಹೊಲದ 8 ರಿಂದ 10 ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿ.ಗ್ರಾಂನಷ್ಟು ಮಾದರಿಯನ್ನು ನೀಡಬೇಕು. ಬದು, ತಿಪ್ಪೆ, ಮರದ ನೆರಳು ಇರುವೆಡೆ ಮಾದರಿ ತೆಗೆಯಬಾರದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ ನೀಡುವ ಚೀಟಿಯಲ್ಲಿ ಪೋಷಕಾಂಶಗಳ ಮಟ್ಟ ಹಾಗೂ ಶಿಫಾರಸು ನಮೂದಾಗಿರುತ್ತದೆ.

ಮಾದರಿ ಸಲ್ಲಿಸಲು ಮತ್ತು ಸಲಹೆ ಪಡೆಯಲು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ತೋಟಗಾರಿಕೆ ಬೆಳೆಗಳ ಹನಿ ನೀರಾವರಿ ಸಹಾಯಧನಕ್ಕೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಹಾಗೂ ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಜೊತೆಗಿಟ್ಟುಕೊಳ್ಳುವುದು. ಸಲಹೆ ಕೇಳಲು ಬರುವವರು ಹಳದಿಯಾದ ಸಸಿಯೊಂದನ್ನು ಬೇರು ಮತ್ತು ಮಣ್ಣಿನ ಸಮೇತ ತಂದಲ್ಲಿ ಕಾರಣವನ್ನು ಗುರುತಿಸಲು ಅನುಕೂಲವಾಗುತ್ತದೆ.