ಮುಫಸ್ಸಿಲಿಗೆ ಬಂದ ರಿಟ್: ಬಾಗಲಕೋಟೆ ಸೀಮೆಯಲ್ಲಿ ನ್ಯಾಯಿಕ ಪುನರ್ವಿಮರ್ಶೆ (1862–2013)

ನ್ಯಾಯಿಕ ಪುನರ್ವಿಮರ್ಶೆಯ ಚರಿತ್ರೆಯನ್ನು ಅಮೆರಿಕದ 1803ರ ಮಾರ್ಬರಿ ತೀರ್ಪಿನಿಂದ ಆರಂಭಿಸುವುದು ವಾಡಿಕೆ. ಶಾಸನವನ್ನು ಸಂವಿಧಾನದ ಒರೆಗೆ ಹಚ್ಚುವ ಅಧಿಕಾರ ನ್ಯಾಯಾಲಯಕ್ಕೆ ಹೇಗೆ ಬಂತೆಂದು ಅದು ಹೇಳುತ್ತದೆ. ಆ ಅಧಿಕಾರ ಯಾವ ಊರಿನವರೆಗೆ ನಡೆಯುತ್ತಿತ್ತು ಎಂಬುದನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ನಿಂತು ಕೇಳುವುದು ಈ ಲೇಖನದ ಉದ್ದೇಶ.

1862ರಲ್ಲಿ ಮುಂಬಯಿ ಹೈಕೋರ್ಟ್ ಸ್ಥಾಪನೆಯಾದಾಗ ಈ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ದಿವಾಣಿ ದಾವೆಗಳ ಮೇಲ್ಮನವಿ ಅಲ್ಲಿಗೆ ಹೋಗುತ್ತಿದ್ದರೂ ಕಂದಾಯದ ಬಾಗಿಲು ಮುಚ್ಚಿತ್ತು. 1876ರ ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯ್ದೆಯ 4ನೆಯ ಕಲಮು, ಸರ್ಕಾರ ನಿಗದಿಪಡಿಸಿದ ಭೂಕಂದಾಯದ ಮೊತ್ತವನ್ನು ದಿವಾಣಿ ಕೋರ್ಟಿನಲ್ಲಿ ಪ್ರಶ್ನಿಸುವುದನ್ನು ತಡೆಯಿತು. ಅದೇ ವರ್ಷ ಮಳೆ ಕೈಕೊಟ್ಟು, 1878ರವರೆಗಿನ ಬರ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿತು. ಎರಿ ಹೊಲ ಬಿರುಕುಬಿಟ್ಟ ಹುನಗುಂದದ ರೈತನಿಗೆ ಉಳಿದ ದಾರಿ ಕಂದಾಯ ಅಧಿಕಾರಿಗೆ ಅರ್ಜಿ ಕೊಡುವುದು. ಆಕಾರ ಕಟ್ಟಿದ ಇಲಾಖೆಯೇ ಆ ಅರ್ಜಿಯನ್ನೂ ಕೇಳುತ್ತಿತ್ತು.

ರಿಟ್ಟಿನ, ಅಂದರೆ ಸರ್ಕಾರಿ ಪ್ರಾಧಿಕಾರಗಳಿಗೆ ಹೈಕೋರ್ಟ್ ಹೊರಡಿಸುವ ಆಜ್ಞೆಯ, ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. 1943ರ ಪರ್ಲಾಕಿಮಿಡಿ ಪ್ರಕರಣದಲ್ಲಿ ರೈತರು ಪ್ರಶ್ನಿಸಿದ್ದು ಕಂದಾಯ ಮಂಡಳಿಯ ಆದೇಶವನ್ನು; ಮಂಡಳಿಯ ಕಚೇರಿ ಮದರಾಸು ಪಟ್ಟಣದಲ್ಲೇ ಇತ್ತು. ರೈತರ ಹೊಲಗಳು ಗಂಜಾಂನಲ್ಲಿದ್ದವು. ಕಚೇರಿ ಪಟ್ಟಣದಲ್ಲಿದ್ದ ಮಾತ್ರಕ್ಕೆ ಹೈಕೋರ್ಟ್ ಆದೇಶ ರದ್ದುಪಡಿಸುವ ಸರ್ಷಿಯೊರರಿ ರಿಟ್ ಹೊರಡಿಸಲಾಗದೆಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ರಾಜಧಾನಿ ಪಟ್ಟಣದ ಹೊರಗೆ, ಮುಂಬಯಿ ಪ್ರಾಂತದ ಮುಫಸ್ಸಿಲಾಗಿದ್ದ ಬಾದಾಮಿಗೂ ಇದೇ ಗತಿ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದು ಈ ಗೋಡೆ ಬಿತ್ತು. 13ನೆಯ ವಿಧಿ ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನನ್ನು ಶೂನ್ಯಗೊಳಿಸಿತು. 226ನೆಯ ವಿಧಿ ಹೈಕೋರ್ಟಿನ ರಿಟ್ ಅಧಿಕಾರವನ್ನು ಅದರ ವ್ಯಾಪ್ತಿಯ ಎಲ್ಲ ಹಳ್ಳಿಗಳಿಗೂ ಚಾಚಿತು. ಕಂದಾಯ ವಿಷಯದಲ್ಲಿ ಹೈಕೋರ್ಟುಗಳ ಮೂಲ ಅಧಿಕಾರಕ್ಕಿದ್ದ ನಿರ್ಬಂಧವನ್ನು 225ನೆಯ ವಿಧಿಯ ಪರಂತುಕ ತೆಗೆದುಹಾಕಿತು. 1876ರ ಕಾಯ್ದೆಯಾದ ಸರಿಯಾಗಿ ನೂರು ವರ್ಷಕ್ಕೆ, 1976ರ 42ನೆಯ ತಿದ್ದುಪಡಿ ಈ ಪರಂತುಕವನ್ನೇ ಕಿತ್ತುಹಾಕಿತು. 44ನೆಯ ತಿದ್ದುಪಡಿ ಅದನ್ನು ಮರಳಿ ತಂದಿತು. 226ನೆಯ ವಿಧಿಯ ಅಧಿಕಾರ ಸಂವಿಧಾನದ ಮೂಲರಚನೆಗೆ ಸೇರಿದ್ದೆಂದು 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದ ಏಳು ನ್ಯಾಯಮೂರ್ತಿಗಳ ಪೀಠ ಸಾರಿತು.

ಪುನರ್ವಿಮರ್ಶೆಯೆಂದರೆ ಶಾಸನವನ್ನು ರದ್ದು ಮಾಡುವುದೆಂದೇ ತಿಳಿಯಬೇಕಿಲ್ಲ. ಇಳಕಲ್ಲ ಸೀರೆಯ ನೇಕಾರರು ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆ ಎಳೆಗೂ ಕೈಬೆರಳೇ ಬೇಕು. ಇಂಥ ಕಸುಬಿನ ರಕ್ಷಣೆಗೆ ಬಂದ 1985ರ ಕೈಮಗ್ಗ ಮೀಸಲು ಕಾಯ್ದೆಯನ್ನು ವಿದ್ಯುತ್ ಮಗ್ಗದವರು ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟ್ 1993ರಲ್ಲಿ ಅದನ್ನು ಎತ್ತಿಹಿಡಿಯಿತು.

1956ರ ಏಕೀಕರಣದಿಂದ ಈ ಸೀಮೆಯ ಹೈಕೋರ್ಟ್ ಬೆಂಗಳೂರಾಯಿತು. ಹಕ್ಕು ಕೈಗೆ ಬಂದರೂ ಕೋರ್ಟು ದೂರವೇ ಉಳಿಯಿತು. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಪುನರ್ವಿಮರ್ಶೆಯ ಅಧಿಕಾರ ಪೂರ್ಣಗೊಳ್ಳುವುದು ತೀರ್ಪಿನ ಹಾಳೆಯಲ್ಲಲ್ಲ, ಬಾದಾಮಿಯ ರೈತ ಬೆಳಗಿನ ಬಸ್ಸು ಹತ್ತಿ ಕೋರ್ಟು ಮುಟ್ಟಬಲ್ಲ ದಿನ. ಈ ಸೀಮೆಯಲ್ಲಿ ಆ ದಿನ ಬರಲು ಸಂವಿಧಾನದ ನಂತರವೂ 58 ವರ್ಷ ಬೇಕಾಯಿತು.