ಗಾಡ್ಯಾಗ ಹಾಡು ಬಂದದ್ದು, ಮತ್ತ ಅದರ ವೈರಿಂಗು

ದೀಪಾವಳಿ ಮುಗದು ಕಬ್ಬಿನ ಹಂಗಾಮ ಸುರು ಆತಂದ್ರ, ನಮ್ಮ ಮೇಲವಂಕ್ಯಾಗ ರಾತ್ರಿ ಯಾರ ಟ್ರ್ಯಾಕ್ಟರ್ ಹೊಂಟೈತಿ ಅನ್ನೂದನ್ನ ಹಾಸಿಗ್ಯಾಗ ಮಲಕೊಂಡೇ ಹೇಳಬಹುದು. ಇಂಜಿನ್ ಸಪ್ಪಳದಿಂದಲ್ಲ, ಹಾಡಿನಿಂದ. ಒಬ್ಬಾಂವ ಜಾನಪದ ಹಚ್ಚಿರತಾನ, ಒಬ್ಬಾಂವ ರಾಜಕುಮಾರನ ಹಾಡು, ಹುಡುಗರು ಡಿಜೆ. ಹಿಂದ ಚಕ್ಕಡಿ ಇದ್ದಾಗ ಎತ್ತಿನ ಕೊರಳ ಗೆಜ್ಜಿ ಇರತಿತ್ತು, ಹಾಡು ಹೊಡಿಯಾಂವನ ಬಾಯಾಗ ಇರತಿತ್ತು. ಬಾಯಿಂದ ಡಬ್ಬಿಗೆ ಈ ಹಾಡು ಹೆಂಗ ಬಂತು, ಆ ಡಬ್ಬಿಗೆ ವೈರ್ ಯಾರು ಹಚ್ಚಿದರು ಅಂತ ನೆಗೆಣ್ಣಿ ಕೇಳಿದ್ಲು. ಮನ್ಯಾಗ ಕಾರಿನ ಸೆಟ್ ಬಿಚ್ಚಿ ಕೂಡಿಸಿದಾಕಿ ನಾನ ಆಗಿದ್ದಕ್ಕ, ಉತ್ತರಾನೂ ನಾನ ಬರೀತೇನಿ.

ಕರೆಂಟಿನ ವಿಷಯದಾಗ ನಮ್ಮ ಗೋಕಾವಿ ಹಿಂದ ಬಿದ್ದ ಊರಲ್ಲ. ಘಟಪ್ರಭಾ 52 ಮೀಟರ್, ಅಂದ್ರ 170 ಫೂಟು ಮ್ಯಾಲಿಂದ ಧುಮುಕೂ ಜಾಗಾದಾಗ ಮಿಲ್ಲಿನವರು 1887ರಾಗ ಕರೆಂಟ್ ಹುಟ್ಟಿಸಿದರು ಅಂತ ನಮ್ಮ ಕಡೆ ಎಲ್ಲಾರೂ ಹೇಳತಾರ. ಆದ್ರ ಕರೆಂಟ್ ಇದ್ದಷ್ಟಕ್ಕ ಗಾಡ್ಯಾಗ ಹಾಡು ಬರಂಗಿಲ್ಲ. ಹಳೇ ರೇಡಿಯೋದಾಗ ಗಾಜಿನ ವಾಲ್ವ್ ಇರತಿದ್ದವು. ಅವಕ್ಕ ನೂರರ ಮ್ಯಾಲ ವೋಲ್ಟ್ ಬೇಕು. ಆಗಿನ ಕಾರಿನ ಬ್ಯಾಟರಿ ಕೊಡತಿದ್ದದ್ದು ಬರೇ 6 ವೋಲ್ಟು. 1930ರಾಗ ಅಮೆರಿಕಾದ ಗಾಲ್ವಿನ್ ಅಣ್ಣತಮ್ಮಂದಿರು ಕಾರಿಗೆ ರೇಡಿಯೋ ಕೂಡಿಸಿ ಮಾರಾಕ ನಿಂತಾಗ ಅದಕ್ಕ ಬ್ಯಾರೆ ಬ್ಯಾಟರಿ ಇಡಬೇಕಾಗತಿತ್ತು. ಮೋಟಾರಿನ್ಯಾಗ ಹಾಡತೈತಿ ಅಂತ ಅದಕ್ಕ ಮೋಟೊರೋಲಾ ಅಂತ ಹೆಸರಿಟ್ಟರು. ಈಗ ಎಲ್ಲಾರ ಕೈಯಾಗ ಮೊಬೈಲಾಗಿ ಓಡ್ಯಾಡೂ ಹೆಸರು ಅದ. ಆಮ್ಯಾಲ ಟ್ರಾನ್ಸಿಸ್ಟರ್ ಬಂತು, 1955ರಾಗ ವಾಲ್ವ್ ಇಲ್ಲದ ಕಾರ್ ರೇಡಿಯೋ ಬಂತು. ಬ್ಯಾಟರಿ ಕೊಟ್ಟಷ್ಟ ಉಂಡು ಹಾಡೂ ಸೆಟ್ಟು ಅಂದ್ರ ಇದು.

ನಮ್ಮ ಕಡೆ ರೇಡಿಯೋ ಅಂದ್ರ ಧಾರವಾಡ. ಧಾರವಾಡ ಆಕಾಶವಾಣಿ ಸುರು ಆದದ್ದು 1950ರ ಜನವರಿ 8ಕ್ಕ, ವಿವಿಧ ಭಾರತಿ 1957ರ ಅಕ್ಟೋಬರದಾಗ. ಆಗ ರೇಡಿಯೋ ಇಟ್ಟಾವ್ರು ಪೋಸ್ಟಿನ್ಯಾಗ ವರ್ಷಾ ರೊಕ್ಕಾ ತುಂಬಿ ಲೈಸೆನ್ಸ್ ಮಾಡಿಸಬೇಕಿತ್ತು, 1980ರ ದಶಕದಾಗ ಅದು ಹೋತು. ಮಾವನವರು ಆ ಲೈಸೆನ್ಸಿನ ಪುಸ್ತಕಾ ಮನೀ ಪತ್ರದ ಜೋಡಿ ಇಟ್ಟಿದ್ದರು. ಅದರ ಮ್ಯಾಲ ಅಂಟಿಸಿದ ಸ್ಟಾಂಪ್ ನೋಡಿದ್ರ ಈಗಿನ ಹುಡುಗರು ನಗತಾರ, ಹಾಡು ಕೇಳಾಕ ಸರಕಾರದ ಚೀಟಿ ಯಾಕಂತ.

ನಾ ದೊಡ್ಡ ಬದಲಾವಣಿ ಅನ್ನೂದು ರೇಡಿಯೋಕ್ಕಲ್ಲ, ಕ್ಯಾಸೆಟ್ಟಿಗೆ. ಫಿಲಿಪ್ಸಿನವರು 1963ರಾಗ ಅದನ್ನ ತಂದರು, ಐದು ವರ್ಷದಾಗ ಕಾರಿನ್ಯಾಗೂ ಕೂಡಿಸಿದರು. ನಮ್ಮ ಹಳ್ಳಿಗೆ ಅದು ಮುಟ್ಟಿದ್ದು 1980ರ ನಂತರ. ಅದ ಹೊತ್ತಿಗೆ, 1983ರ ಡಿಸೆಂಬರದಾಗ, ಮಾರುತಿ 800 ಬಂತು. ರೇಡಿಯೋದಾಗ ಅವರು ಹಾಕಿದ್ದನ್ನ ನಾವು ಕೇಳಬೇಕು. ಕ್ಯಾಸೆಟ್ಟಿನ್ಯಾಗ ನಮ್ಮದನ್ನ ನಾವ ತುಂಬಬಹುದು. ಗೀಗೀ ಪದ, ಭಜನಿ, ಸೋಬಾನ, ಬೀಗರ ಮದುವಿಯ ಗದ್ದಲ, ಎಲ್ಲಾ ಅದರಾಗ ಹೊಕ್ಕವು.

ಪಾರಿಜಾತಾನೂ ಹೊಕ್ಕಿತು. ಶ್ರೀಕೃಷ್ಣ ಪಾರಿಜಾತ ನಮ್ಮ ಮಣ್ಣಿನ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನ ಅಟ್ಟದ ಮ್ಯಾಲ ಹತ್ತಿಸಿದಾಂವ ಕುಲಗೋಡ ತಮ್ಮಣ್ಣ, ಕುಲಗೋಡ ನಮ್ಮ ಕಡೀದ ಊರು. ಪಾರಿಜಾತ ಅಂದಕೂಡ್ಲೆ ಇಲ್ಲಿ ಹಿರ್ಯಾರು ಕೈ ಮುಗಿದು ಹೇಳೂ ಹೆಸರು ಕೌಜಲಗಿ ನಿಂಗಮ್ಮನದು. ಹೆಣಮಕ್ಕಳು ಅಟ್ಟಾ ಹತ್ತಿದ್ರ ಮಂದಿ ಮೂಗು ಮುರಿಯೂ ಕಾಲದಾಗ ಹಾಡಿ ನಿಂತಾಕಿ. ನಮ್ಮ ಅತ್ತಿ ಇಡೀ ರಾತ್ರಿ ಕುಂತು ಆಟಾ ನೋಡಿದಾಕಿ, ಸತ್ಯಭಾಮಾನ ಸಿಟ್ಟು ಬಂದ್ರ ಈಗೂ ಒಲೀ ಮುಂದ ಕುಂತು ಗುನಗತಾಳ. ಊರಿಗೆ ಬಂದ ಮ್ಯಾಳದವರ ಆಟಗಳನ್ನ ಮಾವನವರು ಟೇಪಿನ್ಯಾಗ ತುಂಬಿಸಿ ಇಟ್ಟಿದ್ದರು, ಒಟ್ಟ ಹನ್ನೊಂದು ಕ್ಯಾಸೆಟ್. ನಡು ನಡುವ ಮಾವನವರ ಕೆಮ್ಮು, ಯಾರದೋ ಕೂಸಿನ ಅಳು, ಅತ್ತಿ "ಸುಮ್ಮಕುಂಡರ್ರೇ" ಅಂದದ್ದು ಸುದ್ದಾ ಅದರಾಗೈತಿ. ಮಾವನವರು ಹೋದ ಮ್ಯಾಲ ಅವರ ದನಿ ಉಳದದ್ದು ಆ ಕೆಮ್ಮಿನ್ಯಾಗಷ್ಟ.

2019ರ ಆಗಸ್ಟಿನ್ಯಾಗ ಘಟಪ್ರಭಾ ಉಕ್ಕಿದಾಗ ಮನ್ಯಾಗ ನೀರು ಹೊಕ್ಕಿತು. ಟೇಪ್ ರೆಕಾರ್ಡರ್ ರಾಡ್ಯಾಗ ಹೋತು. ಕ್ಯಾಸೆಟ್ಟಿನ ಡಬ್ಬಿ ಮಾತ್ರ ಅಟ್ಟದ ಮ್ಯಾಲ ಇಟ್ಟದ್ದಕ್ಕ ನಾಲ್ಕಷ್ಟ ತೊಯ್ದವು. ಕ್ಯಾಸೆಟ್ಟಿನ ಪಟ್ಟಿ ಪಾಲಿಸ್ಟರ್, ಮ್ಯಾಲ ಕಬ್ಬಿಣದ ಪುಡಿ ಬಳದಿರತಾರ. ನಮ್ಮ ಸೀರೀ ಇದ್ದಂಗ, ನೀರಿಗೆ ಲಗೂನ ಕೊಳಿಯಂಗಿಲ್ಲ, ರಾಡಿ ಒಣಗಿ ಅಂಟಿದ್ರ ಕೆಡತೈತಿ. ಇಸ್ಕ್ರೂ ಬಿಚ್ಚಿ, ಒಳ್ಳೆ ನೀರಾಗ ತೊಳದು, ನೆಳ್ಳಾಗ ಒಣಗಿಸಿದೆ. ಬಿಸಲಿಗೆ ಇಡಬಾರದು, ಪಟ್ಟಿ ಸೊಟ್ಟ ಆಗತೈತಿ. ಕೇಳಾಕ ಮನ್ಯಾಗ ಉಳದ ಸೆಟ್ ಒಂದ, ಹಳೇ ಮಾರುತ್ಯಾಗ ಇದ್ದದ್ದು. ಮೈದುನ ಅದನ್ನ ಕಿತ್ತು ಒಗದು ಪೆನ್‌ಡ್ರೈವಿನ ಸೆಟ್ ಹಾಕಸಾಕ ಹೊಂಟಿದ್ದ. "ಕಿತ್ತೂದಾದ್ರ ನಾ ಕೀಳತೇನಿ, ಒಗಿಯೂದು ಬ್ಯಾಡ" ಅಂದೆ.

ಡ್ಯಾಶ್‌ಬೋರ್ಡ್ ಬಿಚ್ಚಿದ ಮ್ಯಾಲ ಗೊತ್ತಾತು. ಹಿಂದ ಯಾರೋ ಹಚ್ಚಿ ಕೊಟ್ಟ ವೈರಿಂಗಿನ್ಯಾಗ ಫ್ಯೂಜ್ ಇರಲಿಲ್ಲ. ಬ್ಯಾಟರಿ ವೈರನ್ನ ಬರೇ ತಿರುವಿ ಟೇಪ್ ಸುತ್ತಿದ್ದರು, ಟೇಪಿನ ಅಂಟು ಬಿಸಲಿಗೆ ಕರಗಿ ಬಿಚ್ಚಿತ್ತು, ಬಾಜೂಕಿನ ತಗಡು ಕರ್ರಗಾಗಿತ್ತು. ಆ ಗಾಡ್ಯಾಗ ನಾವು ಕೂಸು ಕುನ್ನಿ ಕಟಗೊಂಡು ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದಿದ್ದಿವಿ.

ಇಲ್ಲಿ ಒಂದು ಲೆಕ್ಕಾ ಹೇಳತೇನಿ, ಅಡಗೀ ಮಾಡೂರಿಗೆ ಇದು ಕಷ್ಟ ಅಲ್ಲ. 60 ವ್ಯಾಟಿನ ಬಲ್ಬು ಮನ್ಯಾಗ 230 ವೋಲ್ಟಿನ ಮ್ಯಾಲ ಎಳಿಯೂದು ಕಾಲು ಆಂಪಿಯರಷ್ಟ. ಅದ 60 ವ್ಯಾಟಿನ ಸೆಟ್ಟು 12 ವೋಲ್ಟಿನ ಗಾಡ್ಯಾಗ 5 ಆಂಪಿಯರ್ ಎಳೀತೈತಿ. ವೈರ್ ಬಿಸಿ ಆಗೂದು ಆಂಪಿಯರಿಗೆ. ಅದಕ್ಕ ಮನೀ ಕರೆಂಟ್ ಹೊಡೀತೈತಿ, ಗಾಡೀ ಕರೆಂಟ್ ಸುಡತೈತಿ. 12 ವೋಲ್ಟು ಮುಟ್ಟಿದ್ರ ಕೈಗೆ ಏನೂ ಆಗಂಗಿಲ್ಲಂತ ಹುಡುಗರು ಧೈರ್ಯಾ ಮಾಡತಾರ. ಆದ್ರ ಫ್ಯೂಜಿಲ್ಲದ ವೈರ್ ತಗಡಿಗೆ ಹತ್ತಿದ್ರ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೆ ಬಿಡತೈತಿ, ಗಾಡಿ ಹತ್ತಿಕೊಳ್ಳಾಕ ಅಷ್ಟ ಸಾಕು.

ನಾ ಮಾಡಿದ್ದು ಹಿಂಗ. 10 ನಂಬರ್ ಪಾನಾ ತಗೊಂಡು ಮೊದಲ ಬ್ಯಾಟರಿಯ ಮೈನಸ್ ಬಿಚ್ಚಿದೆ. ಪ್ಲಸ್ ಮೊದಲ ಬಿಚ್ಚಾಕ ಹೋದ್ರ ಪಾನಾ ಗಾಡೀ ಮೈಗೆ ಹತ್ತಿ ಕಿಡಿ ಹಾರತೈತಿ. ಹೊಸಾ ಸೆಟ್ಟಿನ ಹಳದಿ ವೈರ್ ಸೀದಾ ಬ್ಯಾಟರೀದು, ಗಡಿಯಾರ ಮತ್ತ ಸ್ಟೇಶನ್ ನೆನಪ ಇಡಾಕ. ಕೆಂಪದು ಚಾವಿ ತಿರುವಿದಾಗಷ್ಟ ಕರೆಂಟ್ ಬರೂದಕ್ಕ. ಕರೇದು ಗಾಡೀ ಮೈಗೆ, ಬಣ್ಣಾ ಕೆರದು ತಗಡು ಕಂಡ ಮ್ಯಾಲ ಬಿಗೀಬೇಕು. ಕೆಂಪು, ಹಳದಿ ಎರಡನ್ನೂ ಕೂಡಿಸಿ ಬ್ಯಾಟರಿಗೆ ಹಚ್ಚೂ ಚಾಳಿ ಭಾಳ ಮಂದಿಗೈತಿ. ಹಂಗ ಮಾಡಿದ್ರ, ಬಂದ ಮಾಡೂದು ಮರತ ರಾತ್ರಿ ಸೆಟ್ಟು ಬ್ಯಾಟರೀನ ಕುಡದು ಬಿಡತೈತಿ, ಮುಂಜಾನೆ ಗಾಡೀ ನೂಕೂದು ನಾವ. ಹಳದಿ ವೈರಿಗೆ ಬ್ಯಾಟರಿ ಹತ್ತರನ 10 ಆಂಪಿಯರ್ ಫ್ಯೂಜ್ ಹಾಕಿದೆ. ಫ್ಯೂಜು ಸೆಟ್ಟಿನ ಬಾಜೂಕ ಇದ್ರ ನಡುವಿನ ವೈರನ್ನ ಕಾಯೂರು ಯಾರೂ ಇರಂಗಿಲ್ಲ.

ಸ್ಪೀಕರಿನ ವೈರು ಜೋಡಿ ಜೋಡಿ: ಬಿಳೇದು ಮುಂದಿನ ಎಡಕ್ಕ, ಬೂದಿ ಬಣ್ಣದ್ದು ಮುಂದಿನ ಬಲಕ್ಕ, ಹಸರು ಹಿಂದಿನ ಎಡಕ್ಕ, ನೇರಳಿ ಹಿಂದಿನ ಬಲಕ್ಕ. ಕರೀ ಗೆರಿ ಇದ್ದದ್ದು ಮೈನಸ್. ಎಲ್ಲಾ ಸೆಟ್ಟೂ ಹಿಂಗ ಇರತಾವಂತಿಲ್ಲ, ಮ್ಯಾಲಿನ ಚೀಟಿ ಓದ್ರಿ. ಹಳೇ ಕಾಲದ ಸೆಟ್ಟಿನ್ಯಾಗ ಸ್ಪೀಕರಿನ ಒಂದು ವೈರನ್ನ ಗಾಡೀ ಮೈಗೇ ಹಚ್ಚತಿದ್ದರು. ಈಗಿನವಕ್ಕ ಹಂಗ ಹಚ್ಚಿದ್ರ ಒಳಗಿನ ಐಸಿ ಸುಡತೈತಿ. ಹಳೇ ಮಿಸ್ತ್ರಿ ಹೊಸಾ ಸೆಟ್ ಸುಟ್ಟ ಅಂತ ಮಂದಿ ಬೈಯೂದು ಇದಕ್ಕ. ಏರ್‌ಬ್ಯಾಗ್ ಇದ್ದ ಹೊಸಾ ಗಾಡೀ ಆದ್ರ ಕೈ ಹಚ್ಚಬ್ಯಾಡ್ರಿ, ಅದು ಕಲತಾವರ ಕೆಲಸ.

ಮಾರುತಿಗೆ ಹೊಸಾದು ಕುಂತಿತು. ಹಳೇ ಸೆಟ್ಟನ್ನ ಮನ್ಯಾಗ ಪಡಸಾಲಿಗೆ ತಂದು, ಬ್ಯಾರೆ 12 ವೋಲ್ಟಿನ ಬ್ಯಾಟರಿಗೆ ಫ್ಯೂಜ್ ಹಾಕಿ ಹಚ್ಚಿದೆ. ಅದರ ಹಿಂದ ಆರ್‌ಸಿಎ ಪಿನ್ನಿನ ಎರಡು ತೂತು ಇದ್ದವು, ಅಲ್ಲಿಂದ ಅಳಿಯನ ಲ್ಯಾಪ್‌ಟಾಪಿಗೆ ವೈರ್ ಹೋತು. ಮೊದಲನೇ ಕ್ಯಾಸೆಟ್ ಹಾಡಾಕ ಹತ್ತಿದಾಗ ಅತ್ತಿ ರೊಟ್ಟಿ ಬಡಿಯೂದು ಬಿಟ್ಟು ಬಂದು ಕುಂತಳು. ಕೆಮ್ಮು ಬಂತು. ಏನೂ ಅನ್ನಲಿಲ್ಲ, ಸೆರಗಿಗೆ ಕೈ ಒರಸಿಕೊಂಡು ಇನ್ನೊಮ್ಮೆ ಹಾಕು ಅಂತ ಸನ್ನಿ ಮಾಡಿದಳು.

ಇನ್ನ ಟ್ರ್ಯಾಕ್ಟರಿನ ಮಾತು. ಅದರ ಸೆಟ್ಟು ಮನೀ ಮಂದಿಗಂತ ಇಟ್ಟದ್ದಲ್ಲ, ಊರಿಗೆ ಕೇಳಿಸಾಕ. ಎರಡು ಟ್ರೇಲರ್ ಕಬ್ಬು ಹೇರಿ ಹುಣಶ್ಯಾಳದ ಫ್ಯಾಕ್ಟರಿಗೆ ಹೊಂಟಾಂವ ಮಡಗಾರ್ಡಿನ ಮ್ಯಾಲ ಅಷ್ಟಷ್ಟ ದೊಡ್ಡ ಸ್ಪೀಕರ್ ಇಟ್ಟಿದ್ರ ಹಿಂದಿನ ಗಾಡೀ ಹಾರ್ನ್ ಅವನ ಕಿವಿಗೆ ಬೀಳಂಗಿಲ್ಲ. ನಿದ್ದಿ ಬರಬಾರದಂತ ಹಚ್ಚತೇವಂತಾರ. ಅದೂ ಖರೇನ, ಫ್ಯಾಕ್ಟರಿ ಮುಂದ ಪಾಳಿಗೆ ರಾತ್ರಿಗಟ್ಲೆ ನಿಂದರೂ ಹುಡುಗರು ಅವರು, ನಮ್ಮ ಮನೀ ಮಕ್ಕಳ. ಆದ್ರ 2000ದ ಇಸವಿಯ ಸಪ್ಪಳದ ಕಾಯ್ದೇದಾಗ ಮನೀ ಇದ್ದ ಕಡೆ ರಾತ್ರಿ 45 ಡೆಸಿಬಲ್ ಅಂತೈತಿ, ಅಂದ್ರ ಇಬ್ಬರು ಸಾವಕಾಶ ಮಾತಾಡಿದಷ್ಟ. ನಿದ್ದಿಗೆ ಹಾಡು ಬೇಕಾದ್ರ ಸೀಟಿನ ಹಂತೇಕ ಸಣ್ಣದೊಂದು ಸ್ಪೀಕರ್ ಸಾಕು. ನಿಮ್ಮ ಮನ್ಯಾಗ ಟ್ರ್ಯಾಕ್ಟರ್ ಇದ್ರ ದನಿ ಇಳಸೂದು ಆಮ್ಯಾಲ ನೋಡ್ರಿ, ಮೊದಲ ಬ್ಯಾಟರಿ ಹತ್ತರ ಫ್ಯೂಜ್ ಐತಿಲ್ಲಂತ ಕೇಳ್ರಿ.

ಹನ್ನೊಂದರಾಗ ಏಳು ಕ್ಯಾಸೆಟ್ ಪೆನ್‌ಡ್ರೈವಿಗೆ ಬಂದಾವ. ತೊಯ್ದ ನಾಲ್ಕರಾಗ ಎರಡರ ದನಿ ಅಲ್ಲಲ್ಲಿ ಮುಳಗತೈತಿ, ಇನ್ನೆರಡು ಒಣಗಾಕ ಹಾಕೇನಿ, ಪಟ್ಟಿ ಅಂಟಿದ್ದು ಬಿಡಬೇಕು. ನಿಮ್ಮ ಮಾಡದಾಗ, ಟ್ರಂಕಿನ್ಯಾಗ ಪಾರಿಜಾತದ್ದಾಗಲಿ ಸೋಬಾನದ್ದಾಗಲಿ ಕ್ಯಾಸೆಟ್ ಇದ್ರ ಹಂಗ ಹಚ್ಚಾಕ ಹೋಗಬ್ಯಾಡ್ರಿ, ಒಣಾ ಅರಿವ್ಯಾಗ ಸುತ್ತಿ ಇಡ್ರಿ. ಸೋಮಾರ ಸಂತಿಗೆ ಬರೂ ಮುಂದ ಕೊಟ್ಟು ಕಳಸ್ರಿ, ಸೆಟ್ಟು ಇನ್ನೂ ಪಡಸಾಲ್ಯಾಗ ಐತಿ.