ಎಂಬೆಡೆಡ್ ಸಾಧನಗಳಲ್ಲಿ ಅಲ್ಪಾವಧಿ ಜಾಲಸಂಪರ್ಕ

ಮಳೆಮಾಪಕ, ವಿದ್ಯುತ್ ಮೀಟರ್, ಕಾರ್ಡ್ ಉಜ್ಜುವ ಯಂತ್ರದಂಥ ಪುಟ್ಟ ಸಾಧನಗಳು ಜಾಲಕ್ಕೆ ಸೇರಿ, ಕೆಲವೇ ಬೈಟ್‌ಗಳ ಮಾಹಿತಿ ಕಳಿಸಿ, ಕೂಡಲೇ ಕಡಿದುಕೊಳ್ಳುವ ಸಂಪರ್ಕವೇ ಅಲ್ಪಾವಧಿ ಜಾಲಸಂಪರ್ಕ. ಬ್ಯಾಟರಿ ಉಳಿಸಲು ಇದೇ ದಾರಿ. ಆದರೆ ಇಂಥ ಸಂಪರ್ಕವನ್ನು ತೆರೆಯುವುದಕ್ಕಿಂತ ಮುಚ್ಚುವುದೇ ಹೆಚ್ಚು ತೊಡಕಿನ ಕೆಲಸ.

ಇಂಥ ಸಂಪರ್ಕದ ಬೇರು ಹವಾಯಿ ದ್ವೀಪಗಳಲ್ಲಿದೆ. ನಾರ್ಮನ್ ಅಬ್ರಾಮ್ಸನ್ ಮುಂದಾಳತ್ವದಲ್ಲಿ 1971ರಲ್ಲಿ ಅಲ್ಲಿ ಶುರುವಾದ ಅಲೋಹಾ ರೇಡಿಯೋ ಜಾಲದಲ್ಲಿ ಯಾರು ಬೇಕಾದರೂ ಮಾಹಿತಿಯ ಚಿಕ್ಕ ಪ್ಯಾಕೆಟ್ ಕಳಿಸಬಹುದಿತ್ತು. ಎರಡು ಡಿಕ್ಕಿಯಾದರೆ ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಕಳಿಸಬೇಕು. 1981ರಲ್ಲಿ, ಕಂಪ್ಯೂಟರುಗಳ ನಡುವಿನ ಸಂಪರ್ಕವನ್ನು ನಡೆಸುವ ಟಿಸಿಪಿಯ ನಿಯಮಗಳು ಗಟ್ಟಿಯಾದವು. ಮೊದಲು ಮೂರು ಪ್ಯಾಕೆಟ್‌ಗಳ ಪರಿಚಯ, ಆಮೇಲೆ ಮಾತು, ಕೊನೆಗೆ ಬೀಳ್ಕೊಡುಗೆ. ಮೊದಲು ಮುಚ್ಚಿದವನು, ದಾರಿ ತಪ್ಪಿ ತಡವಾಗಿ ಬರುವ ಪ್ಯಾಕೆಟ್‌ಗಳಿಗೆ ಹೆದರಿ, ಆ ಸಂಪರ್ಕದ ನೆನಪನ್ನು ನಾಲ್ಕು ನಿಮಿಷ ಹಿಡಿದಿಟ್ಟುಕೊಳ್ಳಬೇಕಿತ್ತು. ದೊಡ್ಡ ಕಂಪ್ಯೂಟರಿಗೆ ಇದೇನೂ ಭಾರವಲ್ಲ. ಸ್ವೀಡನ್ನಿನ ಆಡಮ್ ಡಂಕೆಲ್ಸ್ 2001ರ ಸುಮಾರಿಗೆ ಪುಟ್ಟ ಸಾಧನಗಳಿಗೆಂದು ಬರೆದ ಎಲ್‌ಡಬ್ಲ್ಯುಐಪಿ ಎಂಬ ಟಿಸಿಪಿ ತಂತ್ರಾಂಶವೋ ಹತ್ತಾರು ಕಿಲೋಬೈಟ್ ರ‍್ಯಾಮ್‌ನಲ್ಲಿ ಬದುಕುವಂಥದ್ದು. ಅದರ ಮೂಲ ಹೊಂದಿಕೆಯಲ್ಲಿ ಏಕಕಾಲಕ್ಕೆ ಐದೇ ಟಿಸಿಪಿ ಸಂಪರ್ಕಗಳಿಗೆ ಜಾಗ. ಮುಚ್ಚಿದರೂ ಕಾಯುತ್ತ ಕೂತ ಸಂಪರ್ಕಗಳೇ ಆ ಜಾಗವನ್ನು ತುಂಬಿಬಿಡುತ್ತವೆ. ಹಾಗಾಗಿ ಅತಿ ಹಳೆಯದನ್ನು ಕಿತ್ತು ಹೊಸದಕ್ಕೆ ಜಾಗ ಮಾಡಿಕೊಡುವ ಏರ್ಪಾಡು ಅದರಲ್ಲಿದೆ. ಮಾಹಿತಿ ಪಡೆಯುವ ಸರ್ವರೇ ಮೊದಲು ಮುಚ್ಚುವಂತೆ ಮಾಡಿ ಭಾರವನ್ನು ಅತ್ತ ದಾಟಿಸುವುದೂ ಒಂದು ಉಪಾಯ.

ಪರಿಚಯದ ವೆಚ್ಚ ತಗ್ಗಿಸಲು 1994ರಲ್ಲಿ ಬಂದ ಟಿ/ಟಿಸಿಪಿ ಸುರಕ್ಷತೆಯ ದೋಷಗಳಿಂದ ಸೋತಿತು. 2014ರ ಕೋಆಪ್ ಎಂಬ ನಿಯಮಾವಳಿ ಟಿಸಿಪಿಯನ್ನೇ ಬಿಟ್ಟು, ಪರಿಚಯವಿಲ್ಲದೆಯೇ ಪ್ಯಾಕೆಟ್ ಕಳಿಸುವ ಯುಡಿಪಿಯ ಮೇಲೆ ನಿಂತಿತು: ಒಂದು ಪ್ರಶ್ನೆ, ಒಂದು ಉತ್ತರ. ಪುಟ್ಟ ಸಾಧನಗಳಿಗೆ ಇದೇ ಹೆಚ್ಚು ಒಗ್ಗುವ ದಾರಿ.

ಕರ್ನಾಟಕದಲ್ಲಿ ಈ ಬಗೆಯ ಸಂಪರ್ಕದ ದೊಡ್ಡ ಉದಾಹರಣೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಈ ಸಂಸ್ಥೆ, ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸೌರಶಕ್ತಿಯ ಮಾಪಕಗಳನ್ನು ನೆಟ್ಟಿತು. ಅವು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಸಲ, ಲೆಕ್ಕ ಒಪ್ಪಿಸುತ್ತವೆ. ಇದರ ಬೆಲೆ ಕರಾವಳಿಯ ಬೈಕಂಪಾಡಿಯಂಥ ಕಡೆ ಚೆನ್ನಾಗಿ ತಿಳಿಯುತ್ತದೆ. ಒಂದೆಡೆ ಕಡಲು, ಇನ್ನೊಂದೆಡೆ ಫಲ್ಗುಣಿ ನದಿ, ನಡುವೆ ಕೈಗಾರಿಕಾ ಪ್ರದೇಶ. ಪಕ್ಕದ ಪಣಂಬೂರಿನಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಒಂದೇ ತಾಸಿನಲ್ಲಿ ಚರಂಡಿ ಉಕ್ಕಿಸುವ ಆಷಾಢದ ಮಳೆಗೆ ದಿನದ ಒಟ್ಟು ಲೆಕ್ಕ ಸಾಲದು.

ಆದರೆ ಮೊಬೈಲ್ ಟವರ್ ಕೈಕೊಡುವುದೂ ಇಂಥ ಸಿಡಿಲು ಮಳೆಯ ಹೊತ್ತಿನಲ್ಲೇ. ಆಗ ಇಂಥ ಸಾಧನ ಅರ್ಧಕ್ಕೆ ನಿಂತ ಸಂಪರ್ಕವನ್ನು ತಾನಾಗಿ ಕೈಬಿಡಬೇಕು, ಅಳತೆಗಳನ್ನು ಸಮಯದ ಮುದ್ರೆಯೊಂದಿಗೆ ಕೂಡಿಟ್ಟುಕೊಳ್ಳಬೇಕು. ಜಾಲ ಮರಳಿದಾಗ ಎಲ್ಲ ಸಾಧನಗಳೂ ಒಟ್ಟಿಗೆ ಸರ್ವರಿಗೆ ಮುಗಿಬೀಳದಂತೆ ಒಂದೊಂದೂ ಬೇರೆ ಬೇರೆ ಹೊತ್ತು ಕಾಯಬೇಕು. ಅಲೋಹಾ ಹಾಕಿಕೊಟ್ಟ ಕ್ರಮವೇ ಇದು. ಸಾಧನ ತಯಾರಿಸುವವರು ಪ್ರಯೋಗಾಲಯದ ಗಟ್ಟಿ ವೈಫೈ ನಂಬಿ ಪರೀಕ್ಷೆ ಮುಗಿಸದೆ, ಕರಾವಳಿಯ ಒಂದು ಮಳೆಗಾಲವನ್ನಾದರೂ ಅದಕ್ಕೆ ತೋರಿಸಬೇಕು.